ಒಂಬತ್ತರ ವಾರ್ತೆ, ಮೂರು ಕೂಗು

ಆ ಬೆಳಿಗ್ಗೆಯೂ ಐದೂಮುಕ್ಕಾಲಿಗೇ ಎದ್ದೆ. ಫಿಲ್ಟರಿಗೆ ಕಾಫಿಪುಡಿ ಒತ್ತಿ ನೀರು ಸುರಿದೆ. ಡಿಕಾಕ್ಷನ್ ಇಳಿಯುವಷ್ಟರಲ್ಲಿ ಮೂರು ಚಪಾತಿ ಬೇಯಿಸಿ, ಹಿಂದಿನ ದಿನದ ಬೀನ್ಸ್ ಪಲ್ಯ ಬಿಸಿ ಮಾಡಿ ಯಜಮಾನರ ಡಬ್ಬಿ ಕಟ್ಟಿದೆ. ಅವರು ಷೂ ಹಾಕಿಕೊಳ್ಳುತ್ತ, "ಸಂಜೆ ಸ್ವಲ್ಪ ಲೇಟಾಗ್ಬಹುದು" ಅಂದರು. ವಾರದಲ್ಲಿ ನಾಲ್ಕು ದಿನ ಹೀಗೇ ಅನ್ನುತ್ತಾರೆ. ಉಳಿದ ಒಂದು ದಿನ ಹೇಳದೆಯೇ ತಡವಾಗುತ್ತದೆ. ಆರೂಮುಕ್ಕಾಲಿಗೆ ಕಾರು ಗೇಟು ದಾಟಿತು. ಬೀದಿಯ ತಿರುವಿನಲ್ಲಿ ಅದರ ಹಿಂದಿನ ಕೆಂಪು ದೀಪ ಒಮ್ಮೆ ಹೊತ್ತಿ ಆರುವುದನ್ನು ಕಿಟಕಿಯಿಂದ ನೋಡಿದೆ. ಅದಾದ ಮೇಲೆ ಮನೆಯಲ್ಲಿ ನಾನು, ಫ್ರಿಜ್ಜು, ರೇಡಿಯೋ.

ರೇಡಿಯೋ ಇರುವುದು ಸಿಂಕಿನ ಮೇಲಿನ ಕಿಟಕಿಯ ಕಟ್ಟೆಯಲ್ಲಿ. ಅಡಿಲೇಡಿನ ಮಾಡ್ಬರಿ ಬಡಾವಣೆಯ ನಮ್ಮ ಮನೆಯಲ್ಲಿ ಅದನ್ನು ಎಲ್ಲಿ ಬೇಕಾದರೂ ಇಡುವ ಹಾಗಿಲ್ಲ. ಎಎಂ ರೇಡಿಯೋ ಸ್ವಲ್ಪ ಕೋಪಿಷ್ಠ ಅತ್ತೆಯ ಹಾಗೆ. ಅದು ಕೂರುವ ಜಾಗ, ಮುಖ ಮಾಡುವ ದಿಕ್ಕು ಎಲ್ಲ ಅದರ ಇಷ್ಟದಂತೆಯೇ ಆಗಬೇಕು. ಪಕ್ಕದ ಮನೆಯವರ ನಿಂಬೆಮರದ ಕಡೆ ತಿರುಗಿಸಿಟ್ಟರೆ ದನಿ ತಿಳಿಯಾಗಿ ಬರುತ್ತದೆ. ಒಂದು ಗೇಣು ಈಚೆ ತಿರುಗಿಸಿದರೆ ಗೊರಗೊರ. ಫ್ರಿಜ್ಜಿನ ಮೋಟಾರು ಶುರುವಾದರೆ ಅದರ ಗುಂಯ್ ಕೂಡ ರೇಡಿಯೋದಲ್ಲಿ ಕೇಳುತ್ತದೆ. ಹನ್ನೊಂದು ವರ್ಷದಿಂದ ಅದು ನಿಂಬೆಮರ ನೋಡಿಕೊಂಡೇ ಕೂತಿದೆ. ಅದರ ಕೆಳಗಿನ ಟೈಲು ಮಾತ್ರ ಇನ್ನೂ ಹೊಸದರಂತೆ ಬೆಳ್ಳಗಿದೆ.

ನನ್ನ ದಿನ ನಡೆಯುವುದು ಅದರ ಲೆಕ್ಕದಲ್ಲಿ. ಏಳರ ವಾರ್ತೆಗೆ ಸ್ನಾನ, ದೇವರ ದೀಪ. ಎಂಟೂವರೆಗೆ ಜನ ಫೋನ್ ಮಾಡಿ ಮಾತಾಡುವ ಕಾರ್ಯಕ್ರಮ ಶುರುವಾದಾಗ ತರಕಾರಿ ಹೆಚ್ಚುವುದು. ಒಂಬತ್ತರ ವಾರ್ತೆ ಮುಗಿದು ಹವಾಮಾನ ಹೇಳಿದ ಕೂಡಲೇ ಕುಕ್ಕರ್ ಒಲೆಯ ಮೇಲೆ. ಕೆಳಗೆ ತೊಗರಿಬೇಳೆ, ಮೇಲಿನ ಪಾತ್ರೆಯಲ್ಲಿ ಅಕ್ಕಿ. ಮೂರು ಕೂಗು. ಒಬ್ಬಳ ಊಟಕ್ಕೆ ಕುಕ್ಕರ್ ಯಾಕೆ ಎಂದು ಮಗಳು ನಗುತ್ತಾಳೆ. ರಾತ್ರಿಯ ಸಾರಿಗೂ ಆಗುತ್ತದೆ ಎನ್ನುತ್ತೇನೆ. ಅದಲ್ಲದೆ, ಮೂರು ಕೂಗು ಮುಗಿದರೆ ಬೆಳಗಿನ ಒಂದು ಘಟ್ಟ ದಾಟಿದ ಹಾಗೆ.

ಆ ದಿನ ಎಲ್ಲ ಹಾಗೇ ಇತ್ತು. ಬೇರೆಯಾಗಿದ್ದದ್ದು ಮೇಜಿನ ಮೇಲಿನ ಒಂದು ಗೆರೆ ಪುಸ್ತಕ. ಅದರಲ್ಲಿ ನಾಲ್ಕು ವಾಕ್ಯ ಬರೆದಿಟ್ಟಿದ್ದೆ, ಇಂಗ್ಲಿಷಿನಲ್ಲಿ. ಮೂರು ದಿನ ಹಿಡಿದಿತ್ತು ಅಷ್ಟಕ್ಕೆ. "ರೆಸ್ಪೆಕ್ಟೆಡ್ ಸರ್" ಎಂದು ಶುರು ಮಾಡಿ, ಹೊಡೆದು ಹಾಕಿ, ಮತ್ತೆ ಬರೆದಿದ್ದೆ.

ಅದು ಜನ ಫೋನ್ ಮಾಡುವ ಆ ಕಾರ್ಯಕ್ರಮದ ಕೊನೆಯ ದಿನ. ಮುಂದೆ ಆ ಸ್ಟೇಷನ್ನಿನಲ್ಲಿ ನಮ್ಮ ಊರಿನವರು ಯಾರೂ ಮಾತಾಡುವುದಿಲ್ಲ, ಎಲ್ಲ ಸಿಡ್ನಿಯಿಂದ ಬರುತ್ತದೆ ಎಂದು ತಿಂಗಳಿನಿಂದ ಹೇಳುತ್ತಿದ್ದರು. ಹನ್ನೊಂದು ವರ್ಷ ಕೇಳಿದ್ದೆ. ಒಂದು ಸಲವೂ ಫೋನ್ ಮಾಡಿರಲಿಲ್ಲ. ಅವತ್ತು ಮಾಡದಿದ್ದರೆ ಆ ನಾಲ್ಕು ವಾಕ್ಯ ಹೇಳಲು ಇನ್ನು ಜಾಗವೇ ಇರಲಿಲ್ಲ.

*

ಈ ದೇಶದಲ್ಲಿ ನಾನು ಮೊದಲು ಕೇಳಿದ ರೇಡಿಯೋ ಇದಲ್ಲ. ಮದುವೆಯಾದ ಮೂರನೇ ವರ್ಷ ಪರ್ತ್‌ಗೆ ಬಂದೆವು. ಯಜಮಾನರ ಆಫೀಸು ಸಿಟಿಯಲ್ಲಿ, ಗಣಿ ಕಂಪನಿಯದು. ತಿಂಗಳಲ್ಲಿ ಎರಡು ವಾರ ಅವರನ್ನು ವಿಮಾನದಲ್ಲಿ ಉತ್ತರದ ಗಣಿಗೆ ಕಳಿಸುತ್ತಿದ್ದರು. ನಾನು, ಎಂಟು ತಿಂಗಳ ಮಗು, ಎರಡು ಕೋಣೆಯ ಬಾಡಿಗೆ ಮನೆ. ಹಿಂದಿನ ಬಾಡಿಗೆಯವರು ಮಲಗುವ ಕೋಣೆಯಲ್ಲಿ ಒಂದು ಗಡಿಯಾರದ ರೇಡಿಯೋ ಬಿಟ್ಟುಹೋಗಿದ್ದರು. ಅಲಾರಂ ಆರಿಸಲು ಹೋಗಿ ಯಾವುದೋ ಗುಂಡಿ ಒತ್ತಿದೆ. ಒಬ್ಬ ಹೆಂಗಸು ತನ್ನ ಗಿಣಿ ಹಾರಿಹೋಗಿದೆ, ಎದೆಯ ಹತ್ತಿರ ಗುಲಾಬಿ ಬಣ್ಣ, ಬೀದಿಯಲ್ಲಿ ಯಾರಾದರೂ ನೋಡಿದಿರಾ ಎಂದು ಕೇಳುತ್ತಿದ್ದಳು. ಹತ್ತು ನಿಮಿಷದಲ್ಲಿ ಮತ್ತೊಬ್ಬರು ಫೋನ್ ಮಾಡಿ, ನಮ್ಮ ಬಟ್ಟೆ ಹಗ್ಗದ ಮೇಲೆ ಕೂತಿದೆ, ಬನ್ನಿ ಅಂದರು.

ನಾನು ಮಂಚದ ಅಂಚಿನಲ್ಲಿ ಮಗುವನ್ನು ಹಿಡಿದುಕೊಂಡು ಕೂತೇ ಇದ್ದೆ. ಕರೆ ಮಾಡಿದವರೆಲ್ಲ ಕಾರ್ಯಕ್ರಮ ನಡೆಸುವ ಹಿರಿಯರನ್ನು ಹೆಸರು ಹಿಡಿದು ಕೂಗುತ್ತಿದ್ದರು. ಹೀಗೆ ಹೆಸರು ಹಿಡಿದು ಮಾತಾಡಬೇಕಾದರೆ ಇವರೆಲ್ಲ ಅವರ ಮನೆಯವರೇ ಇರಬೇಕು ಎಂದು ವಾರಗಟ್ಟಲೆ ಅಂದುಕೊಂಡಿದ್ದೆ. ಎಂಥ ದೊಡ್ಡ ಕುಟುಂಬ, ಬೆಳಗಾದರೆ ಎಲ್ಲರೂ ಫೋನ್ ಮಾಡುತ್ತಾರಲ್ಲ ಎಂದು ಹೊಟ್ಟೆಕಿಚ್ಚೂ ಆಗಿತ್ತು. ಯಜಮಾನರು ಗಣಿಯಿಂದ ಬಂದಾಗ ಇದನ್ನು ಹೇಳಿದರೆ ಅವರು ನಕ್ಕು ನಕ್ಕು ಕೆಮ್ಮಿದರು. ಕೆಮ್ಮು ನಿಂತ ಮೇಲೆ, "ನಿಂಗೆ ಇಲ್ಲಿ ತುಂಬಾ ಬೇಜಾರಾಗ್ತಿದ್ಯಾ?" ಎಂದು ಕೇಳಿದರು. "ಇಲ್ಲಪ್ಪ" ಅಂದೆ.

ಅಲ್ಲಿಂದ ಬ್ರಿಸ್ಬೇನಿನ ಕಡೆ, ಇಪ್ಸ್‌ವಿಚ್‌ಗೆ. ದೊಡ್ಡ ಗೋದಾಮೊಂದರ ಕೆಲಸ. ಅಲ್ಲಿನ ಸ್ಟೇಷನ್ ಬೇರೆ, ದನಿಗಳು ಬೇರೆ, ಆದರೆ ಗಿಣಿ ಕಳೆದುಕೊಂಡವರು ಅಲ್ಲೂ ಇದ್ದರು. ಮಧ್ಯಾಹ್ನದ ಗುಡುಗು ಮಳೆಯ ಊರು ಅದು. ಮಿಂಚು ದೂರದಲ್ಲಿ ಹೊಡೆದರೂ ಎಎಂ ರೇಡಿಯೋಗೆ ಮೊದಲೇ ಗೊತ್ತಾಗುತ್ತದೆ. ಮಾತಿನ ನಡುವೆ ಚಿಟ್ ಎನ್ನುತ್ತದೆ, ಸಾಸಿವೆ ಸಿಡಿದ ಹಾಗೆ. ಚಿಟ್‌ಗಳು ಹತ್ತಿರ ಹತ್ತಿರ ಬಂದರೆ ನಾನು ಹೋಗಿ ಹಗ್ಗದ ಮೇಲಿನ ಬಟ್ಟೆ ತೆಗೆದುಬಿಡುತ್ತಿದ್ದೆ. ಆಕಾಶ ಇನ್ನೂ ನೀಲಿ ಇರುತ್ತಿತ್ತು. ಕಾಲು ಗಂಟೆಯಲ್ಲಿ ಎದುರು ಮನೆಯವರು ನೆನೆದ ಬಟ್ಟೆ ಬಾಚಿಕೊಂಡು ಓಡುವಾಗ ನನ್ನ ಬಟ್ಟೆ ಮಡಚಿ ಆಗಿರುತ್ತಿತ್ತು. ಇದನ್ನು ಹೇಳಿಕೊಳ್ಳಬೇಕು ಎನ್ನಿಸುತ್ತಿತ್ತು, ಆದರೆ ಯಾರಿಗೆ? ಮಗಳು ಆಗ ಒಂದನೇ ತರಗತಿ. ಕನ್ನಡದಲ್ಲಿ ಹೇಳಿದರೆ ಕೇಳಿಸಿಕೊಂಡು, "ಓಕೆ ಅಮ್ಮಾ" ಎಂದು ಇಂಗ್ಲಿಷಿನಲ್ಲಿ ತಲೆಯಾಡಿಸುತ್ತಿದ್ದಳು.

ಮೂರನೆಯದು ಅಡಿಲೇಡ್. ಸಾಮಾನು ಇಳಿಸಿದ ದಿನ ಲಾರಿಯವರು ಹೋದ ಮೇಲೆ ಮೊದಲು ಮಾಡಿದ ಕೆಲಸ ರೇಡಿಯೋದ ಮುಳ್ಳನ್ನು ತುದಿಯಿಂದ ತುದಿಗೆ ತಿರುಗಿಸಿ ಮಾತು ಹುಡುಕಿದ್ದು. ನಿಂಬೆಮರದ ದಿಕ್ಕು ಅವತ್ತೇ ಸಿಕ್ಕಿತು.

*

ಸ್ಟೇಷನ್ನಿನ ಕತೆ ನನಗೆ ಗೊತ್ತಾದದ್ದು ಆ ಕೊನೆಯ ವಾರದಲ್ಲಿ. ಹಳೆಯ ಧ್ವನಿಮುದ್ರಣಗಳನ್ನು ಹುಡುಕಿ ದಿನಕ್ಕೊಂದಷ್ಟು ಹಾಕುತ್ತಿದ್ದರು. ಶುರುವಾದದ್ದು ಪೇಟೆಯ ಪಿಯಾನೋ ಅಂಗಡಿಯ ಮಹಡಿಯಲ್ಲಂತೆ. ಗೋಡೆಗೆ ಕಂಬಳಿ ಹೊದಿಸಿ, ಕಿಟಕಿ ಮುಚ್ಚಿ, ಬೇಸಿಗೆಯಲ್ಲಿ ಬೆವರುತ್ತ ಮಾತಾಡುತ್ತಿದ್ದರಂತೆ. ಕೆಳಗೆ ಯಾರಾದರೂ ಗಿರಾಕಿ ಪಿಯಾನೋ ಪರೀಕ್ಷೆ ಮಾಡಿದರೆ ಅದೂ ಪ್ರಸಾರವಾಗುತ್ತಿತ್ತು. ಆಮೇಲೆ ನಾಟಕಗಳ ಕಾಲ, ಕುದುರೆ ರೇಸಿನ ಕಾಲ, ಗೃಹಿಣಿಯರ ಗಂಟೆಯ ಕಾಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಸಂಗತಿ. ಮೊದಮೊದಲು ಫೋನ್ ಮಾಡಿದವರ ದನಿಯನ್ನು ಪ್ರಸಾರ ಮಾಡುವ ಹಾಗೇ ಇರಲಿಲ್ಲವಂತೆ, ಕಾನೂನು. ಜನ ಹೇಳಿದ್ದನ್ನು ನಿರೂಪಕರು ಕಿವಿಯಲ್ಲಿ ಕೇಳಿಕೊಂಡು ತಾವೇ ಹೇಳಬೇಕಿತ್ತು: "ಈ ತಾಯಿ ಹೇಳುತ್ತಿದ್ದಾರೆ, ಅವರ ಗುಲಾಬಿಗೆ ಹುಳ ಬಿದ್ದಿದೆಯಂತೆ." ಹಾಗೆ ಎಷ್ಟೋ ವರ್ಷ ಊರಿನ ಹೆಂಗಸರೆಲ್ಲ ಒಬ್ಬ ಗಂಡಸಿನ ದನಿಯಲ್ಲಿ ಮಾತಾಡಿದರು. ಕೊನೆಗೆ ಒಂದು ದಿನ ಅವರವರ ದನಿಯೇ ಬರತೊಡಗಿತು. ಆ ಮೊದಲ ದಿನಗಳ ಒಂದು ತುಣುಕು ಹಾಕಿದರು. ಯಾರೋ ಹೆಂಗಸು, "ನನ್ನ ಮಾತು ಈಗ ನಿಜವಾಗ್ಲೂ ಹೊರಗೆ ಹೋಗ್ತಿದ್ಯಾ?" ಎಂದು ಕೇಳಿ ನಕ್ಕುಬಿಟ್ಟಳು. ಹೆಚ್ಚುತ್ತಿದ್ದ ಸೋರೆಕಾಯಿ ಹಾಗೇ ಬಿಟ್ಟು ಅದನ್ನು ಕೇಳಿದೆ. ಗೆರೆ ಪುಸ್ತಕ ತೆಗೆದದ್ದು ಅವತ್ತು.

ಸ್ಟೇಷನ್ನಿನ ಪ್ರಸಾರ ಗೋಪುರಗಳನ್ನು ಒಂದು ಸಲ ಕಣ್ಣಾರೆ ನೋಡಿದ್ದೇನೆ. ಊರಿನ ಉತ್ತರಕ್ಕೆ, ಸಮುದ್ರದ ನೀರು ಬಂದು ಹೋಗುವ ಉಪ್ಪು ಜೌಗಿನಲ್ಲಿ ನಿಂತಿವೆ. ಒದ್ದೆ ಉಪ್ಪು ನೆಲದಲ್ಲಿ ಅಲೆಗಳು ಚೆನ್ನಾಗಿ ಹರಡುತ್ತವಂತೆ. ಒಂದು ಭಾನುವಾರ ಹಟ ಮಾಡಿ ಯಜಮಾನರ ಕೈಲಿ ಕಾರು ಅತ್ತ ತಿರುಗಿಸಿದ್ದೆ.

"ಇದಾ ನೋಡೋಕೆ ಇಷ್ಟು ದೂರ ಕರ್ಕೊಂಡ್ ಬಂದಿದ್ದು? ನಾನೆಲ್ಲೋ ಬೀಚು ಅಂದ್ಕೊಂಡೆ," ಎಂದರು ಯಜಮಾನರು.

"ದಿನಾ ಮನೇಗೆ ಬರ್ತಾರೆ. ನಾವೂ ಒಂದ್ಸಲ ಬರ್ಬೇಡ್ವಾ?"

"ಹಾಗಾದ್ರೆ ಬರಿಗೈಯಲ್ಲಿ ಬರ್ಬಾರ್ದಿತ್ತು, ಹಣ್ಣುಗಿಣ್ಣು ತರ್ಬೇಕಿತ್ತು."

ತಂತಿ ಬೇಲಿಯ ಆಚೆ ಮೂರು ತೆಳ್ಳನೆಯ ಕಬ್ಬಿಣದ ಕಂಬಗಳು. ಬುಡದಲ್ಲಿ ಕೆಂಪು ಗಿಡ, ಕೆಸರು, ಉದ್ದ ಕೊಕ್ಕಿನ ಹಕ್ಕಿಗಳು. ನನ್ನ ಅಡುಗೆಮನೆಯಲ್ಲಿ ಇಡೀ ದಿನ ಅಷ್ಟು ಜನ ಮಾತಾಡುತ್ತಾರಲ್ಲ, ಆ ಮಾತೆಲ್ಲ ಹೊರಡುವ ಜಾಗದಲ್ಲಿ ಗಾಳಿಯ ಸದ್ದು ಬಿಟ್ಟರೆ ಏನೂ ಇರಲಿಲ್ಲ. "ಹೋಗೋಣ" ಅಂದೆ.

*

ನನ್ನ ನಾಲ್ಕು ವಾಕ್ಯದ ವಿಷಯ ಹೇಳಬೇಕು.

ದೇಶಗಳ ಬಾಗಿಲೆಲ್ಲ ಮುಚ್ಚಿದ್ದ ಆ ವರ್ಷ ಮೈಸೂರಿನಲ್ಲಿ ಅಮ್ಮ ಹೋದಳು. ಅಣ್ಣ ಬೆಳಿಗ್ಗೆ ಫೋನ್ ಮಾಡಿ, "ಬರೋಕಾಗಲ್ಲ ಅಂತ ಗೊತ್ತು, ಸುಮ್ನೆ ಒದ್ದಾಡ್ಬೇಡ" ಅಂದ. ಯಜಮಾನರು ಪಕ್ಕದ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಮೀಟಿಂಗ್ ಮುಗಿಸಲು ಒದ್ದಾಡುತ್ತಿದ್ದರು. ನಾನು ಅಡುಗೆಮನೆಯಲ್ಲಿ ನಿಂತೆ. ರೇಡಿಯೋ ಹಾಕಿಯೇ ಇತ್ತು. ಯಾರೋ ಅಜ್ಜಿ, ಮೇಜಿನ ಬಟ್ಟೆಗೆ ಮೇಣದ ಬತ್ತಿಯ ಮೇಣ ಬಿದ್ದಿದೆ, ತಾಯಿ ಕಸೂತಿ ಹಾಕಿದ ಬಟ್ಟೆ, ಏನು ಮಾಡಲಿ ಎಂದು ಕೇಳಿದಳು. ಒಬ್ಬರು ಐಸ್ ಇಡಿ ಅಂದರು. ಇನ್ನೊಬ್ಬರು, ಅಯ್ಯೋ ಬೇಡ, ಕಂದು ಕಾಗದ ಇಟ್ಟು ಮೇಲೆ ಇಸ್ತ್ರಿ ಎಳೆಯಿರಿ, ಕಾಗದ ಮೇಣ ಕುಡಿಯುತ್ತದೆ ಅಂದರು. ನಿರೂಪಕರು ಒಬ್ಬೊಬ್ಬರನ್ನೂ ಆತುರವಿಲ್ಲದೆ ಕೇಳಿದರು. ಇಡೀ ಊರು ಆ ಒಂದು ಬಟ್ಟೆಯ ಸುತ್ತ ಕೂತಂತಿತ್ತು. ಒಂಬತ್ತರ ವಾರ್ತೆ ಬಂತು, ಹವಾಮಾನ ಬಂತು, ನಾನು ಕುಕ್ಕರ್ ಇಟ್ಟೆ. ಸಾವಿನ ಸುದ್ದಿ ಬಂದ ಮನೆಯಲ್ಲಿ ಸ್ನಾನಕ್ಕೆ ಮೊದಲು ಒಲೆ ಹಚ್ಚಬಾರದು ಎಂಬುದು ಮೂರನೇ ಕೂಗು ಮುಗಿದ ಮೇಲೆ ನೆನಪಾಯಿತು. ಆಗ ಅತ್ತೆ.

ಅಷ್ಟನ್ನೇ ಬರೆದಿದ್ದೆ. ನನ್ನ ತಾಯಿ ತೀರಿಕೊಂಡ ಬೆಳಿಗ್ಗೆ ನೀವು ಮೇಣದ ಕಲೆ ತೆಗೆಯುವುದು ಹೇಗೆಂದು ಮಾತಾಡುತ್ತಿದ್ದಿರಿ. ಅಡುಗೆಮನೆಯಲ್ಲಿ ನಾನು ಒಬ್ಬಳೇ ಇದ್ದೆ. ನೀವೆಲ್ಲ ಮಾತು ನಿಲ್ಲಿಸಲಿಲ್ಲ. ಅದಕ್ಕೆ ನಿಮಗೆ ಥ್ಯಾಂಕ್ಸ್.

ಇದನ್ನು ಯಾರಿಗೂ ಹೇಳಿರಲಿಲ್ಲ, ಯಜಮಾನರಿಗೂ. ರೇಡಿಯೋಗೆ ಹೇಳಿದರೆ ಹೇಳಿದ ಹಾಗೂ ಆಯಿತು, ಯಾರ ಮುಖವನ್ನೂ ನೋಡಬೇಕಾಗಿಲ್ಲ ಎನ್ನಿಸಿತ್ತು.

*

ಫೋನ್ ಮಾಡಿದ್ದು ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗ. ಆರು ಸಲ ಎಂಗೇಜ್. ಏಳನೆಯ ಸಲ ಒಬ್ಬ ಹುಡುಗಿ ಎತ್ತಿದಳು. ಹೆಸರು ಕೇಳಿದಳು, ಹೇಳಿದೆ. ಮತ್ತೆ ಕೇಳಿದಳು, ಮತ್ತೆ ಹೇಳಿದೆ. ಅಕ್ಷರ ಅಕ್ಷರ ಬಿಡಿಸಿ ಹೇಳಿದೆ. "ಓಕೆ, ಮಾಡ್ಬರಿಯಿಂದ ಒಬ್ಬ ಮಹಿಳೆ ಅಂತ ಹಾಕ್ಕೊಂಡಿದೀನಿ, ಪರವಾಗಿಲ್ವಾ?" ಅಂದಳು. "ಪರವಾಗಿಲ್ಲಮ್ಮ" ಅಂದೆ. "ಲೈನಲ್ಲೇ ಇರಿ. ನಿಮ್ಮ ಸರದಿ ಬಂದಾಗ ಮನೆಯ ರೇಡಿಯೋ ಆರಿಸ್ಬಿಡಿ, ಮರೀಬೇಡಿ" ಅಂದಳು. (ಅವರೆಲ್ಲ ಮಾತಾಡಿದ್ದು ಇಂಗ್ಲಿಷು. ನನ್ನ ಕಿವಿಯಲ್ಲಿ ಉಳಿದ ಹಾಗೆ ಬರೆಯುತ್ತಿದ್ದೇನೆ.)

ಕಾದೆ. ಫೋನು ಕಿವಿ ಮತ್ತು ಭುಜದ ನಡುವೆ. ಒಂಬತ್ತರ ವಾರ್ತೆ ಬಂತು. ಹವಾಮಾನ ಬಂತು. ನನ್ನ ಕೈ ತಾನೇ ಕುಕ್ಕರ್ ಒಲೆಯ ಮೇಲಿಟ್ಟು ಗ್ಯಾಸ್ ಹಚ್ಚಿತು. ಮಾಡಿದ್ದು ನನಗೆ ತಿಳಿಯಲೇ ಇಲ್ಲ. ಗೆರೆ ಪುಸ್ತಕ ಒಂದು ಕೈಯಲ್ಲಿತ್ತು. ಯಾರೋ ಲಾರಿ ಡ್ರೈವರ್ ಮೂವತ್ತು ವರ್ಷ ಕೇಳಿದೆ ಎಂದು ಅತ್ತ. ಒಬ್ಬಳು ತನ್ನ ಮದುವೆಯೇ ಈ ಕಾರ್ಯಕ್ರಮದಿಂದ ಆಯಿತೆಂದಳು. ಎಲ್ಲರಿಗೂ ಹೇಳಲು ದೊಡ್ಡ ದೊಡ್ಡ ಸಂಗತಿ ಇತ್ತು. ನನ್ನದು ಮೇಣ. ಕುಕ್ಕರ್ ಮೊದಲ ಕೂಗು ಕೂಗಿತು.

"ಮುಂದಿನ ಸರದಿ ನಿಮ್ಮದು," ಎಂದಳು ಹುಡುಗಿ.

ರೇಡಿಯೋ ಆರಿಸಲು ಕೈ ಚಾಚಿದೆ. ಆರಿಸಲಾಗಲಿಲ್ಲ. ಕೊನೆಯ ದಿನ, ನಾನೇ ಹೇಗೆ ಆರಿಸಲಿ? ದನಿ ಇರುವೆಯಷ್ಟು ಸಣ್ಣಗೆ ಮಾಡಿ ಬಿಟ್ಟೆ.

"ಮಾಡ್ಬರಿಯಿಂದ ಒಬ್ಬ ಮಹಿಳೆ ಲೈನಿನಲ್ಲಿದ್ದಾರೆ. ಹೇಳಿ, ಗುಡ್ ಮಾರ್ನಿಂಗ್!"

"ಗುಡ್ ಮಾರ್ನಿಂಗ್, ಸರ್," ಅಂದೆ.

ಅಂದು, ಕಾದೆ. ಕಾನ್ವೆಂಟಿನಲ್ಲಿ ಹನ್ನೆರಡು ವರ್ಷ ನಮಗೆ ಕಲಿಸಿದ್ದು ಅದು. ಮೊದಲು ಎದ್ದು ನಿಲ್ಲು, ವಂದಿಸು, ಸಿಸ್ಟರ್ ತಲೆಯಾಡಿಸುವ ತನಕ ಕಾಯಿ, ಆಮೇಲೆ ಪೂರ್ತಿ ವಾಕ್ಯದಲ್ಲಿ ಮಾತಾಡು. ನಾನು ನಿಜವಾಗಿಯೂ ಎದ್ದು ನಿಂತಿದ್ದೆ, ಅಡುಗೆಮನೆಯ ನಡುವೆ, ಕಾಲು ಜೋಡಿಸಿಕೊಂಡು.

ಆ ಕಡೆಯಿಂದ ನಗು. "ಸರ್! ನನ್ನನ್ನು ಸರ್ ಅಂದವರು ಈ ಊರಲ್ಲಿ ನೀವೊಬ್ಬರೇ. ಹೇಳು ಲವ್, ಕೇಳ್ತಿದೀನಿ." ಇಲ್ಲಿ ತರಕಾರಿ ಅಂಗಡಿಯವನೂ ಲವ್ ಎಂದೇ ಕರೆಯುತ್ತಾನೆ, ಗಾಬರಿಯಾಗುವುದಿಲ್ಲ ಈಗ.

"ಸರ್, ಮೈ ಮದರ್" ಎಂದು ಮೊದಲ ವಾಕ್ಯ ಶುರು ಮಾಡಿದೆ. ಅಷ್ಟರಲ್ಲಿ ಕಿಟಕಿಯ ಕಟ್ಟೆಯಿಂದ ಒಬ್ಬ ವಯಸ್ಸಾದ ಹೆಂಗಸು ಮೆಲ್ಲಗೆ, "ಗುಡ್ ಮಾರ್ನಿಂಗ್, ಸರ್" ಅಂದಳು.

ದನಿ ಸ್ಟೇಷನ್ನಿನಿಂದ ಹೊರಡುವುದು ಕೆಲವು ಸೆಕೆಂಡು ತಡವಾಗಿ ಎಂದು ನನಗೆ ಗೊತ್ತಿರಲಿಲ್ಲ. ಯಾರೋ ಹಿರಿಯರು ಮಾತಾಡುತ್ತಿದ್ದಾರೆ, ನಡುವೆ ಬಾಯಿ ಹಾಕಬಾರದು ಎಂದು ನಾನು ತಟಕ್ಕನೆ ನಿಲ್ಲಿಸಿಬಿಟ್ಟೆ. ಅದು ನನ್ನದೇ ದನಿ ಎಂದು ತಿಳಿಯಲು ಒಂದು ಉಸಿರು ಹಿಡಿಯಿತು. ತಿಳಿದ ಮೇಲೂ ಅದು ನನ್ನದು ಎನ್ನಿಸಲಿಲ್ಲ. ನನ್ನನ್ನು ಕಾನ್ವೆಂಟಿಗೆ ಸೇರಿಸಲು ಬಂದ ದಿನ ಅಮ್ಮ ಹೆಡ್ ಸಿಸ್ಟರ್ ಮುಂದೆ, ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದ ಎರಡೇ ಇಂಗ್ಲಿಷ್ ಪದ ಹೇಳಿದ್ದಳು. ಅದೇ ರಾಗ. ಕೊನೆಯಲ್ಲಿ ಅದೇ ಸಣ್ಣ ನಡುಕ.

ಪುಸ್ತಕದ ಅಕ್ಷರಗಳು ಕಾಣಲಿಲ್ಲ. ಕುಕ್ಕರ್ ಎರಡನೇ ಸಲ ಕೂಗಿತು, ಫೋನಿನ ಪಕ್ಕದಲ್ಲೇ, ಮನೆ ಹಾರಿಹೋಗುವಂತೆ.

"ಓಹೋ!" ಎಂದರು ನಿರೂಪಕರು. "ಅವರ ಅಡುಗೆಮನೆಯಲ್ಲಿ ಟ್ರೈನ್ ಬಂತು ಅಂತ ಕಾಣುತ್ತೆ. ಹಲೋ? ಇದೀರಾ? ಹೋಯ್ತು ಲೈನು. ಮರ್ಯಾದೆಯ ಹೆಂಗಸು ಪಾಪ. ಮುಂದಿನವರು ಯಾರು ನೋಡೋಣ."

ಗ್ಯಾಸ್ ಆರಿಸಿದೆ. ಆಮೇಲೆ ಮತ್ತೆ ಫೋನ್ ಮಾಡಲು ನೋಡಿದೆ. ಎಂಗೇಜ್. ಹನ್ನೊಂದರ ತನಕ ಮಾಡಿದೆ. ಕೊನೆಕೊನೆಗೆ ರಿಂಗ್ ಆಯಿತು, ಯಾರೂ ಎತ್ತಲಿಲ್ಲ. ಹನ್ನೆರಡಕ್ಕೆ ಸ್ವಲ್ಪ ಮುಂಚೆ ನಿರೂಪಕರು ಎಲ್ಲರಿಗೂ ನಮಸ್ಕಾರ ಹೇಳಿ, ಕುರ್ಚಿ ಹಿಂದಕ್ಕೆ ಸರಿಸಿದ ಸದ್ದು ಕೇಳಿಸಿತು. ಒಂದು ಸಂಗೀತ. ಆಮೇಲೆ ಹೊಸ ದನಿಯೊಂದು ಉತ್ಸಾಹದಿಂದ, ಸಮಯ ಹನ್ನೆರಡೂವರೆ ಎಂದಿತು. ಸಿಡ್ನಿಯ ಗಡಿಯಾರ ನಮಗಿಂತ ಅರ್ಧ ಗಂಟೆ ಮುಂದು. ನಮ್ಮ ಗೋಡೆಯಲ್ಲಿ ಹನ್ನೆರಡು ಹೊಡೆಯುತ್ತಿತ್ತು.

ಮಧ್ಯಾಹ್ನ ಮಗಳು ಬ್ರಿಸ್ಬೇನಿನಿಂದ ಫೋನ್ ಮಾಡಿದಳು. ಈಗ ಅವಳು ಅಲ್ಲೇ ಕೆಲಸ ಮಾಡುತ್ತಾಳೆ. ಕೊನೆಯ ದಿನ ಎಂದು ಅವಳಿಗೆ ಹೇಳಿದ್ದೆ, ನೆನಪಿಟ್ಟುಕೊಂಡಿದ್ದಳು. "ಸೋ, ಡಿಡ್ ಯೂ ಕಾಲ್ ದೆಮ್, ಅಮ್ಮಾ?"

"ಮಾಡ್ದೆ."

"ನೋ ವೇ! ವಾಟ್ ಡಿಡ್ ಯೂ ಸೇ?"

"ಗುಡ್ ಮಾರ್ನಿಂಗ್ ಅಂದೆ."

"ಆ್ಯಂಡ್?"

"ಅಷ್ಟೇ ಕಣೇ."

ಅವಳು ನಗಲಿಲ್ಲ. "ಊಟ ಆಯ್ತಾ?" ಎಂದಳು, ಕನ್ನಡದಲ್ಲಿ. ಆಗಿದೆ ಎಂದು ಸುಳ್ಳು ಹೇಳಿದೆ. ಎರಡು ಕೂಗಿಗೆ ಬೇಳೆ ಬೆಂದಿರಲಿಲ್ಲ. ಕುಕ್ಕರ್ ಒಲೆಯ ಮೇಲೆ ಹಾಗೇ ತಣ್ಣಗೆ ಕೂತಿತ್ತು. ಮೊಸರಿಗೆ ಅವಲಕ್ಕಿ ಕಲಸಿ ತಿಂದೆ. ರೇಡಿಯೋ ಆರಿಸಿದೆ. ಈ ಮನೆಗೆ ಬಂದ ಮೇಲೆ ಹಗಲು ಹೊತ್ತಿನಲ್ಲಿ ಅದು ಸುಮ್ಮನಿದ್ದದ್ದು ಅದೇ ಮೊದಲು. ಫ್ರಿಜ್ಜಿನ ಮೋಟಾರು ಎಷ್ಟು ದೊಡ್ಡದಾಗಿ ಕೇಳುತ್ತದೆ ಎಂದು ಗೊತ್ತಾಯಿತು. ಪುಸ್ತಕದ ಆ ಹಾಳೆ ಹರಿಯಲು ಹೋಗಿ, ಹರಿಯದೆ, ಮುಚ್ಚಿಟ್ಟೆ.

*

ಸಂಜೆ ಬಟ್ಟೆ ತೆಗೆಯಲು ಹಿತ್ತಲಿಗೆ ಹೋದೆ. ಬೇಲಿಯ ಆಚೆ ನಿಂಬೆಮರದ ಎಲೆಗಳು ಅಲುಗುತ್ತಿದ್ದವು. ಪಕ್ಕದ ಮನೆಯವರು ಕಾಲ್ಮಣೆ ಹತ್ತಿ ನಿಂಬೆಹಣ್ಣು ಕೊಯ್ಯುತ್ತಿದ್ದರು. ಬೇಲಿ ಎತ್ತರದ್ದು, ನನಗೆ ಕಾಣುವುದು ಯಾವಾಗಲೂ ಒಂದು ಬಿಳಿ ತಲೆ ಮತ್ತು ಕತ್ತರಿ ಹಿಡಿದ ಕೈ. ಎಂಬತ್ತು ದಾಟಿದ ಒಂಟಿ ಹೆಂಗಸು. ಬಂದ ಹೊಸದರಲ್ಲಿ ನಮ್ಮ ರೂಢಿಯಂತೆ "ಗುಡ್ ಮಾರ್ನಿಂಗ್, ಆಂಟಿ" ಅಂದಿದ್ದೆ. "ನಾನು ಯಾರಿಗೂ ಆಂಟಿ ಅಲ್ಲಮ್ಮ, ನನ್ನ ತಂಗಿಗೆ ಮಕ್ಕಳೇ ಆಗ್ಲಿಲ್ಲ" ಅಂದಿದ್ದರು. ಆಮೇಲೆ ಕರೆಯಲು ಹೆದರಿ, ಏನೂ ಕರೆಯದೆ ಹನ್ನೊಂದು ವರ್ಷ ಕಳೆದಿದ್ದೆ. ಕಸದ ಡಬ್ಬಿ, ಬಿಸಿಲು, ನಿಂಬೆಹಣ್ಣು, ಇಷ್ಟೇ ನಮ್ಮ ಮಾತು. ಆ ಮನೆಯ ಕಿಟಕಿಗಳು ಸದಾ ಮುಚ್ಚಿರುತ್ತಿದ್ದವು. ಒಳಗಿನಿಂದ ಒಂದು ಸದ್ದೂ ಬರುತ್ತಿರಲಿಲ್ಲ.

"ನಾಲ್ಕು ಹಣ್ಣು ತಗೋ," ಎಂದು ಕೈ ಬೇಲಿಯ ಮೇಲೆ ಬಂತು. ತೆಗೆದುಕೊಂಡೆ.

"ಬೆಳಿಗ್ಗೆ ಅದು ಟ್ರೈನ್ ಅಂತೆ ಟ್ರೈನು! ರೇಡಿಯೋ ಕಡೆ ತಿರುಗಿ ಬೈದೆ ನಾನು," ಎಂದರು, ಎಲೆಗಳ ನಡುವೆ ಇನ್ನೊಂದು ಹಣ್ಣು ಹುಡುಕುತ್ತ. "ಟ್ರೈನ್ ಅಲ್ಲ ಕಣೋ ದಡ್ಡ, ಅದು ಅವಳ ಬೇಳೆ ಅಂದೆ. ಅವನಿಗೆಲ್ಲಿ ಕೇಳುತ್ತೆ."

ನಾನು ಬಟ್ಟೆ ಎದೆಗವುಚಿಕೊಂಡು ನಿಂತೆ. "ನೀವೂ ಕೇಳ್ತೀರಾ ಅದನ್ನ?"

"ನೀನು ಹುಟ್ಟೋಕೆ ಮುಂಚಿಂದ. ಇನ್ನು ಮುಗೀತಲ್ಲ. ಆ ಹೊಸಬನಿಗೆ ನಮ್ಮೂರಲ್ಲಿ ಗಂಟೆ ಎಷ್ಟು ಅಂತಲೇ ಗೊತ್ತಿಲ್ಲ." ಕತ್ತರಿ ಕಚಕ್ ಅಂತು. "ಅದು ಸರಿ, ನಿಂಗೇನಾಗಿತ್ತು ಇವತ್ತು? ಎರಡೇ ವಿಷಲ್ಲು. ನಾನು ಬಿ.ಪಿ. ಮಾತ್ರೆ ತಗೊಳ್ಳೋದು ನಿನ್ನ ಮೂರನೇ ವಿಷಲ್‌ಗೆ. ನೀರಿನ ಲೋಟ ಹಿಡ್ಕೊಂಡು ಹತ್ತೂವರೆ ತನಕ ಕೂತಿದ್ದೆ. ನಾಳೆ ಸರಿಯಾಗಿ ಮೂರೂ ಹಾಕಮ್ಮ."